ಅತಿಥಿ ಭಾಷಣ ತಯಾರಾಗುವುದು ಫೋನಿನಲ್ಲಿ

ಪ್ರಶ್ನೆ: ನಮ್ಮದು ವಾರಕ್ಕೊಮ್ಮೆ ಸೇರುವ ಸೇವಾ ಕ್ಲಬ್. ಜುಲೈ 1ರಿಂದ ಕಾರ್ಯಕ್ರಮ ಸಮಿತಿಯ ಜವಾಬ್ದಾರಿ ನನ್ನ ಹೆಗಲಿಗೆ ಬಿದ್ದಿದೆ. ಪ್ರತಿ ವಾರ ಒಬ್ಬ ಅತಿಥಿಯನ್ನು ಕರೆದು ಭಾಷಣ ಮಾಡಿಸಬೇಕು. ಹಿಂದಿನ ವರ್ಷ ಅರ್ಧ ಗಂಟೆ ಅಂತ ಬಂದವರು ಒಂದು ಗಂಟೆ ಮಾತಾಡಿದರು. ಒಬ್ಬರಂತೂ ತಮ್ಮ ಹೂಡಿಕೆ ಯೋಜನೆಯ ಫಾರಂ ಹಂಚಿ ಹೋದರು. ಸದಸ್ಯರು ಫೋನ್ ನೋಡುತ್ತಾ ಕೂರುತ್ತಾರೆ, ಹಾಜರಿಯೂ ಇಳಿಯುತ್ತಿದೆ. ದೊಡ್ಡ ಹೆಸರಿನವರನ್ನು ಕರೆಸಿ ಅಂತ ಅಧ್ಯಕ್ಷರು ಹೇಳುತ್ತಾರೆ. ಯಾರನ್ನು ಕರೆಯಲಿ, ಹೇಗೆ ಕರೆಯಲಿ?

ಉತ್ತರ:

ಮೊದಲು ಆ 'ಪ್ರತಿ ವಾರ' ಅನ್ನುವುದನ್ನೇ ಸ್ವಲ್ಪ ಬಿಡಿಸಿ ನೋಡೋಣ. ವರ್ಷಕ್ಕೆ 52 ವಾರ. ರಜೆ ಅಂತ ಕೆಲವು ಹೋಗುತ್ತವೆ. ಪದಗ್ರಹಣ, ಚುನಾವಣೆ, ಸುತ್ತಲಿನ ಕ್ಲಬ್ಬುಗಳನ್ನೆಲ್ಲ ನೋಡಿಕೊಳ್ಳುವ ಜಿಲ್ಲಾ ಗವರ್ನರ್ ಭೇಟಿ, ಲೆಕ್ಕಪತ್ರ ಅಂತ ಇನ್ನಷ್ಟು ಹೋಗುತ್ತವೆ. ಉಳಿದದ್ದು ನಲವತ್ತು ಅಂತ ಇಟ್ಟುಕೊಳ್ಳಿ. ನಲವತ್ತು ಜನರನ್ನು ಹುಡುಕಿ, ಒಪ್ಪಿಸಿ, ಸರಿಯಾಗಿ ಕರೆತರುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಆಗದ ಕೆಲಸ ಹೊತ್ತುಕೊಂಡರೆ ಏನಾಗುತ್ತೆ? ಸಭೆಗೆ ಎರಡು ದಿನ ಇರುವಾಗ ಸಿಕ್ಕಿದವರಿಗೆಲ್ಲ ಫೋನ್ ಮಾಡುತ್ತೀರಿ. ಅಷ್ಟು ಅವಸರದಲ್ಲಿ ಕರೆದರೂ ಖುಷಿಯಿಂದ ಬರುವವರಲ್ಲಿ ಏನನ್ನಾದರೂ ಮಾರಲು ಕಾದಿರುವವರೇ ಜಾಸ್ತಿ. ನಿಮ್ಮ ಹೂಡಿಕೆ ಫಾರಮ್ಮಿನವರು ಬಂದ ದಾರಿ ಬಹುಶಃ ಇದೇ.

ತಿಂಗಳಿಗೆ ಇಬ್ಬರು ಹೊರಗಿನ ಅತಿಥಿಗಳು ಸಾಕು. ಒಂದು ವಾರ ನಿಮ್ಮ ಸದಸ್ಯರೇ ಒಬ್ಬರು ಮಾತಾಡಲಿ. ಇನ್ನೊಂದು ವಾರ ಕ್ಲಬ್ಬಿನ ಸ್ವಂತ ಕೆಲಸದ ಚರ್ಚೆ ಇರಲಿ. ಆಗ ನಿಮಗೆ ವರ್ಷಕ್ಕೆ ಬೇಕಾಗುವುದು ಇಪ್ಪತ್ತರಿಂದ ಇಪ್ಪತ್ತನಾಲ್ಕು ಜನ. ಅಷ್ಟಾದರೆ ಪ್ರತಿಯೊಬ್ಬರಿಗೂ ಮನಸ್ಸು ಕೊಡಬಹುದು. ವಾರ ವಾರ ಹೊರಗಿನವರು ಇರಲೇಬೇಕು ಅಂತ ಯಾರಾದರೂ ಹೇಳಿದರೆ ನಿಮ್ಮ ಕ್ಲಬ್ಬಿನ ನಿಯಮಾವಳಿ ತೆರೆದು ನೋಡಿ. ಸಾಮಾನ್ಯವಾಗಿ ಅದು ರೂಢಿ ಅಷ್ಟೇ. ವಾರದ ಸಭೆಗೆ ಹೆಸರಾದ ರೋಟರಿ ಸಂಸ್ಥೆ ಕೂಡ 2016ರಲ್ಲಿ ನಿಯಮ ಸಡಿಲಿಸಿ, ತಿಂಗಳಿಗೆ ಕನಿಷ್ಠ ಎರಡು ಸಲ ಸೇರಿದರೂ ಸಾಕು ಅಂದಿತು.

ಸದಸ್ಯರ ಮಾತು ಅಂದ ಕೂಡಲೇ ಅತಿಥಿ ಸಿಗದಿದ್ದಾಗಿನ ಏರ್ಪಾಡು ಅಂತ ತಿಳಿಯಬೇಡಿ. ಸೇವಾ ಕ್ಲಬ್ಬುಗಳು ಹುಟ್ಟಿದ್ದೇ ಹಾಗೆ. 1905ರ ಫೆಬ್ರವರಿ 23ರಂದು ಶಿಕಾಗೊದಲ್ಲಿ ಪಾಲ್ ಹ್ಯಾರಿಸ್ ಅನ್ನುವ ವಕೀಲರು ಮೂವರು ಗೆಳೆಯರ ಜೊತೆ ಕೂತರು. ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರ್, ಇನ್ನೊಬ್ಬರು ಬಟ್ಟೆ ಹೊಲಿಸುವ ಅಂಗಡಿಯವರು. ಸದಸ್ಯರ ಕಚೇರಿಗಳಲ್ಲಿ ಸರದಿ ಪ್ರಕಾರ ಸೇರುತ್ತಿದ್ದರು. ರೋಟರಿ ಅನ್ನುವ ಹೆಸರು ಬಂದದ್ದೇ ಆ ಸರದಿಯಿಂದ. ಬೇರೆ ಬೇರೆ ಕಸುಬಿನವರು ಒಂದೆಡೆ ಕೂರುವುದೇ ಅದರ ಜೀವಾಳವಾಗಿತ್ತು. ಇವತ್ತು ಎಷ್ಟೋ ಕ್ಲಬ್ಬುಗಳಲ್ಲಿ ಹತ್ತು ವರ್ಷ ಪಕ್ಕದಲ್ಲೇ ಕೂತವರ ಕೆಲಸ ಏನು ಅಂತ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ನಮ್ಮ ಕ್ಲಬ್ಬಿನಲ್ಲಿ ಲಿಫ್ಟ್ ರಿಪೇರಿ ಮಾಡಿಸುವ ಸದಸ್ಯರೊಬ್ಬರಿದ್ದರು. ಬಹಳ ಕಡಿಮೆ ಮಾತಿನವರು. 'ಹಗ್ಗ ತುಂಡಾದರೂ ಲಿಫ್ಟ್ ಯಾಕೆ ಬೀಳುವುದಿಲ್ಲ?' ಅನ್ನುವ ಒಂದೇ ಪ್ರಶ್ನೆ ಕೊಟ್ಟು ಹದಿನೈದು ನಿಮಿಷ ಮಾತಾಡಿ ಅಂದೆ. ಒಂದರ ಜಾಗದಲ್ಲಿ ಹಲವು ಹಗ್ಗಗಳಿರುವುದು, ವೇಗ ಮಿತಿ ಮೀರಿದರೆ ತಾನಾಗಿ ಹಳಿಯನ್ನು ಕಚ್ಚಿ ಹಿಡಿಯುವ ಬ್ರೇಕ್, ಒಳಗೆ ಸಿಕ್ಕಿಕೊಂಡವರು ಬಾಗಿಲು ಬಿಡಿಸಿಕೊಂಡು ಹೊರಗೆ ಬರಲು ಹೋಗಿಯೇ ಜೀವ ಕಳೆದುಕೊಳ್ಳುವುದು, ಇದನ್ನೆಲ್ಲ ಅವರು ಕೈಯಲ್ಲೇ ತೋರಿಸುತ್ತಾ ಹೇಳಿದರು. ಆ ದಿನ ಒಬ್ಬರೂ ಫೋನ್ ತೆಗೆಯಲಿಲ್ಲ. ಇಲ್ಲಿ ಗುಟ್ಟು ಆ ಪ್ರಶ್ನೆ. 'ನಿಮ್ಮ ವೃತ್ತಿಯ ಬಗ್ಗೆ ಮಾತಾಡಿ' ಅಂದಿದ್ದರೆ ಅವರು ಕಂಪನಿ ಶುರುವಾದ ವರ್ಷದಿಂದ ಹೇಳಿಕೊಂಡು ಬರುತ್ತಿದ್ದರು.

ಇನ್ನು ದೊಡ್ಡ ಹೆಸರು. ನಿಮ್ಮ ಅಧ್ಯಕ್ಷರ ಆಸೆ ನನಗೆ ಅರ್ಥವಾಗುತ್ತದೆ. ವರ್ಷಕ್ಕೆ ಒಬ್ಬರೋ ಇಬ್ಬರೋ ಅಂಥವರು ಬರಲಿ. ಆದರೆ ಹಾಜರಿ ಉಳಿಸುವ ದಾರಿ ಅದು ಅಂತ ನನಗೆ ಅನ್ನಿಸುವುದಿಲ್ಲ. ಹೆಸರಿರುವವರು ಹತ್ತು ಕಡೆ ಮಾಡಿದ ಭಾಷಣವನ್ನೇ ನಿಮ್ಮಲ್ಲೂ ಮಾಡುತ್ತಾರೆ. ಆ ವಾರ ಸಭಾಂಗಣ ತುಂಬುತ್ತದೆ, ಮುಂದಿನ ವಾರ ಮತ್ತೆ ಖಾಲಿ. ವಾರದ ಸಭೆಗೆ ಬೇಕಾದವರು ಕೈ ಕೆಸರು ಮಾಡಿಕೊಂಡು ಕೆಲಸ ಮಾಡುವವರು. ಅಗ್ನಿಶಾಮಕ ದಳದಲ್ಲಿ ಏಣಿ ಹತ್ತುವವರು, ಬ್ಲಡ್ ಬ್ಯಾಂಕಿನ ತಂತ್ರಜ್ಞರು, ಆಂಬ್ಯುಲೆನ್ಸ್ ಚಾಲಕರು, ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವವರು, ಕುಡಿಯುವ ನೀರಿನ ಪರೀಕ್ಷೆ ಮಾಡುವವರು, ಗ್ರಂಥಪಾಲಕರು. ಮೇಲಧಿಕಾರಿಯನ್ನು ಕರೆದರೆ ಇಲಾಖೆಯ ಸಾಧನೆ ಕೇಳುತ್ತೀರಿ. ಅವರ ಕೆಳಗೆ ಇಪ್ಪತ್ತು ವರ್ಷ ಕೆಲಸ ಮಾಡಿದವರನ್ನು ಕರೆದರೆ ಕೆಲಸದ ಒಳಗುಟ್ಟು ಕೇಳುತ್ತೀರಿ. ಅವರಿಗೆ ಮೇಲಿನವರ ಒಪ್ಪಿಗೆ ಬೇಕಾಗಬಹುದು. ಆ ಪತ್ರ ಬರೆಯುವ ಶ್ರಮ ನೀವು ತೆಗೆದುಕೊಳ್ಳಿ.

ಇಂಥವರಿಗೆ ಭಾಷಣ ಮಾಡಿ ಗೊತ್ತಿರುವುದಿಲ್ಲ ಅಲ್ವಾ ಅಂತ ಕೇಳಬಹುದು. ನಿಜ. ಅದಕ್ಕೇ ಫೋನ್. ಈ ಉತ್ತರದಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿಟ್ಟುಕೊಳ್ಳಿ. ಸಭೆಗೆ ಮೂರು ವಾರ ಇರುವಾಗ ಅತಿಥಿಯ ಜೊತೆ ಹತ್ತು ಹದಿನೈದು ನಿಮಿಷ ಮಾತಾಡಿ. ವಾಟ್ಸಾಪಿನಲ್ಲಿ ಆಹ್ವಾನ ಪತ್ರಿಕೆ ಕಳಿಸಿ ಸುಮ್ನೆ ಕೂರಬೇಡಿ. ಬಾಯಿ ಬಿಟ್ಟು ಮಾತಾಡಬೇಕು, ಅದಕ್ಕಿಂತ ಜಾಸ್ತಿ ಕೇಳಿಸಿಕೊಳ್ಳಬೇಕು.

ನಾನು ಕೇಳುವುದು ಮೂರೇ ಪ್ರಶ್ನೆ. ನಿಮ್ಮ ಕೆಲಸದ ಬಗ್ಗೆ ಜನ ತಪ್ಪಾಗಿ ತಿಳಿದುಕೊಂಡಿರುವುದು ಏನು? ನಮ್ಮಂಥವರು ಒಳ್ಳೆಯದು ಮಾಡಲು ಹೋಗಿ ಎಲ್ಲಿ ಎಡವುತ್ತೇವೆ? ನಮ್ಮನ್ನು ಒಂದೇ ಒಂದು ಸಹಾಯ ಕೇಳುವುದಾದರೆ ಏನು ಕೇಳುತ್ತೀರಿ?

ಎರಡನೆಯ ಪ್ರಶ್ನೆ ನನಗೆ ಎಷ್ಟು ಕಲಿಸಿದೆ ಅಂದರೆ, ಒಂದು ಉದಾಹರಣೆ ಹೇಳಲೇಬೇಕು. ರಕ್ತದಾನದ ಬಗ್ಗೆ ಮಾತಾಡಲು ಒಬ್ಬ ತಂತ್ರಜ್ಞರನ್ನು ಕರೆದಿದ್ದೆ. 'ರಕ್ತದಾನದ ಮಹತ್ವ' ಅನ್ನುವ ವಿಷಯ ಅವರೇ ಕೊಟ್ಟರು. ಫೋನಿನಲ್ಲಿ ಈ ಪ್ರಶ್ನೆ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, 'ಬೇಜಾರಾಗಬೇಡಿ. ನೀವೆಲ್ಲ ವರ್ಷಕ್ಕೊಂದು ದಿನ ಭಾರೀ ಶಿಬಿರ ಮಾಡುತ್ತೀರಿ. ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ 42 ದಿನ ಇಡಬಹುದು. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದು ದಿನ. ಆಮೇಲೆ ಏನು ಮಾಡೋಣ?' ಅಂದರು. ಅಲ್ಲೇ ಭಾಷಣ ಸಿಕ್ಕಿತು. ವಿಷಯ ಬದಲಾಯಿಸಿದೆವು: 'ಒಂದೇ ದಿನ ಯಾಕೆ ಕೊಡುತ್ತೀರಿ?' ಆ ಸಂಜೆಯ ಚರ್ಚೆಯಲ್ಲಿ ನಮ್ಮ ಶಿಬಿರವನ್ನು ವರ್ಷಕ್ಕೆ ನಾಲ್ಕಾಗಿ ಒಡೆದೆವು. ತುರ್ತಿಗೆ ಬರುವವರ ಒಂದು ಪಟ್ಟಿಯನ್ನೂ ಮಾಡಿಕೊಂಡೆವು. ಮಹತ್ವದ ಬಗ್ಗೆ ಭಾಷಣ ಕೇಳಿದ್ದರೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದೆವು.

ಮೂರನೆಯ ಪ್ರಶ್ನೆಗೆ ಬಹಳ ಜನ ಸಂಕೋಚಪಡುತ್ತಾರೆ. ಅತಿಥಿಯಾಗಿ ಬಂದು ಏನಾದರೂ ಕೇಳುವುದು ಚೆನ್ನಾಗಿರುತ್ತಾ ಅಂತ ಅನ್ನಿಸುತ್ತದೆ ಅವರಿಗೆ. ಆಗ ನಾನು ಹೆಲೆನ್ ಕೆಲರ್ ಅವರ ಮಾತು ತೆಗೆಯುತ್ತೇನೆ. 1925ರ ಜೂನ್ 30ರಂದು ಅಮೆರಿಕದ ಒಹಾಯೊ ರಾಜ್ಯದ ಸೀಡರ್ ಪಾಯಿಂಟಿನಲ್ಲಿ ಲಯನ್ಸ್ ಕ್ಲಬ್ಬುಗಳ ಸಮ್ಮೇಳನ ನಡೆಯುತ್ತಿತ್ತು. ಮೆಲ್ವಿನ್ ಜೋನ್ಸ್ ಕಟ್ಟಿದ ಆ ಸಂಸ್ಥೆಗೆ ಆಗ ಎಂಟೇ ವರ್ಷ. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗಲೇ ಕಣ್ಣು, ಕಿವಿ ಎರಡೂ ಹೋದ ಆ ಹೆಣ್ಣುಮಗಳು ಅತಿಥಿಯಾಗಿ ನಿಂತು ನೇರವಾಗಿ ಕೇಳಿದರು: ಕುರುಡರ ಪರವಾಗಿ ನಿಲ್ಲುವ ಯೋಧರಾಗುತ್ತೀರಾ? ಇಡೀ ಭಾಷಣ ಬಹಳ ಚಿಕ್ಕದು, ಗಟ್ಟಿಯಾಗಿ ಓದಿದರೆ ಐದು ನಿಮಿಷ ಸಾಕು. ಅದರಲ್ಲಿ ಅವರು ತಮ್ಮ ಸಾಧನೆ ಹೇಳಿಕೊಳ್ಳಲಿಲ್ಲ. ತಡೆಯಬಹುದಾದ ಕುರುಡುತನ ಇನ್ನೂ ಇದೆ, ಕಣ್ಣಿಲ್ಲದವರಿಗೆ ಕಲಿಕೆ ಬೇಕು, ನೆರವು ಬೇಕು ಅಂದರು. ಅವತ್ತು ಕೈಗೆತ್ತಿಕೊಂಡ ಕಣ್ಣಿನ ಕೆಲಸವನ್ನು ಲಯನ್ಸ್ ಕ್ಲಬ್ಬುಗಳು ಇಂದಿಗೂ ಬಿಟ್ಟಿಲ್ಲ. ಕೇಳಿದ್ದರಿಂದಲೇ ಅಲ್ವಾ ಅದು ಸಿಕ್ಕಿದ್ದು? ನಿಮ್ಮ ಅತಿಥಿಗೂ ಹೀಗೇ ಹೇಳಿ. ಕೊನೆಯ ಎರಡು ನಿಮಿಷ ಕೇಳುವುದಕ್ಕೇ ಇಟ್ಟುಕೊಳ್ಳಲಿ. ಒಂದೇ ಬೇಡಿಕೆ ಇರಲಿ, ಅದೂ ಕ್ಲಬ್ಬಿನ ಕೈಗೆ ಎಟುಕುವಂಥದ್ದು.

ಫೋನಿನಲ್ಲೇ ಇನ್ನೂ ಕೆಲವು ವಿಷಯ ಮುಗಿಸಿಬಿಡಿ. ನಿಮಗೆ ಇಪ್ಪತ್ತು ನಿಮಿಷ ಮಾತು, ಹತ್ತು ನಿಮಿಷ ಪ್ರಶ್ನೆ ಅಂತ ಸ್ಪಷ್ಟವಾಗಿ ಹೇಳಿ. 'ಅರ್ಧ ಗಂಟೆ, ಸ್ವಲ್ಪ ಆಚೀಚೆ ಆದರೂ ಪರವಾಗಿಲ್ಲ' ಅಂದರೆ ಒಂದು ಗಂಟೆಗೆ ನೀವೇ ಬಾಗಿಲು ತೆರೆದ ಹಾಗೆ. ಎಷ್ಟು ಜನ ಬರುತ್ತಾರೆ ಅಂತ ಕೇಳಿದರೆ ನಿಜವಾದ ಸಂಖ್ಯೆ ಹೇಳಿ. ಸದಸ್ಯರ ಪಟ್ಟಿಯಲ್ಲಿ ಅರವತ್ತು ಹೆಸರಿದ್ದು ಬರುವವರು ಇಪ್ಪತ್ತೆರಡು ಆದರೆ ಇಪ್ಪತ್ತೆರಡು ಅನ್ನಿ. ಅರವತ್ತು ಜನಕ್ಕೆ ಅಂತ ತಯಾರಾಗಿ ಬಂದು ಖಾಲಿ ಕುರ್ಚಿಗಳ ಮುಂದೆ ನಿಲ್ಲುವುದು ಯಾರಿಗೂ ಕಷ್ಟ. ಸ್ಲೈಡ್ ತರುವವರಿಗೆ ಹತ್ತಕ್ಕಿಂತ ಜಾಸ್ತಿ ಬೇಡ ಅಂತ ಹೇಳಿ. ಒಂದು ಸ್ಲೈಡಿಗೆ ಕಡಿಮೆ ಅಂದರೂ ಎರಡು ನಿಮಿಷ ಹಿಡಿಯುತ್ತದೆ, ಲೆಕ್ಕ ಅವರಿಗೇ ಸಿಗುತ್ತದೆ. ಹಿಂದಿನ ದಿನವೇ ಕಡತ ತರಿಸಿಕೊಂಡು ನಿಮ್ಮ ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಹಣದ ಮಾತು ನೀವೇ ಮೊದಲು ಎತ್ತಿ. ಸೇವಾ ಕ್ಲಬ್ಬುಗಳಲ್ಲಿ ಗೌರವಧನ ಕೊಡುವ ರೂಢಿ ಸಾಮಾನ್ಯವಾಗಿ ಇಲ್ಲ, ಅದನ್ನು ಹೇಳುವುದರಲ್ಲಿ ನಾಚಿಕೆ ಬೇಡ. ಆದರೆ ಓಡಾಟದ ಖರ್ಚು ಕ್ಲಬ್ ಕೊಡಬೇಕು. ದಿನಗೂಲಿಯವರು, ಪಾಳಿ ಬಿಟ್ಟು ಬರುವವರು ಅವತ್ತಿನ ದುಡಿಮೆ ಕಳೆದುಕೊಂಡರೆ ಅದನ್ನೂ ತುಂಬಿಕೊಡಬೇಕು. ನೆನಪಿನ ಕಾಣಿಕೆಗೆ ಹಾಕುವ ದುಡ್ಡನ್ನು ಇದಕ್ಕೆ ಹಾಕಿ. ಗಾಜಿನ ಫಲಕ ಯಾರ ಮನೆಯಲ್ಲೂ ಉಪಯೋಗಕ್ಕೆ ಬಂದದ್ದು ನಾನು ಕಂಡಿಲ್ಲ.

ಈಗ ಸಭೆಯ ದಿನ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕಾರ್ಯಕ್ರಮ ಸಮಿತಿಗೆ ನಾನು ಬಂದ ಮೊದಲ ವರ್ಷ, ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಒಬ್ಬ ನರ್ಸ್ ಅವರನ್ನು ಕರೆದಿದ್ದೆ. ರಾತ್ರಿ ಪಾಳಿ ಮುಗಿಸಿ, ನಿದ್ದೆ ಬಿಟ್ಟು ಬಂದಿದ್ದರು. ನಮ್ಮ ಸಭೆ ಹತ್ತು ನಿಮಿಷ ತಡವಾಗಿ ಶುರುವಾಯಿತು. ಹುಟ್ಟುಹಬ್ಬದ ಶುಭಾಶಯ, ಕಾರ್ಯದರ್ಶಿಯ ವರದಿ, ಪ್ರವಾಸದ ಪ್ರಕಟಣೆ, ಪ್ರವಾಸದ ಬಸ್ಸಿನ ಬಗ್ಗೆ ಒಂದು ವಾದ. ಅವರ ಸರದಿ ಬರುವಾಗ ಉಳಿದದ್ದು ಎಂಟು ನಿಮಿಷ. ಅವರು ನಗುತ್ತಲೇ ಎದ್ದು ನಿಂತು, ಕೈಯಲ್ಲಿದ್ದ ಹಾಳೆಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. ಆ ಹಾಳೆ ಮಡಚಿದ ದೃಶ್ಯ ನನ್ನ ಕಣ್ಣಿನಿಂದ ಹೋಗಿಲ್ಲ.

ಅಂದಿನಿಂದ ನಮ್ಮಲ್ಲಿ ಕ್ರಮ ಬದಲಾಯಿತು. ಅತಿಥಿಯ ಮಾತು ಮೊದಲು, ಕ್ಲಬ್ಬಿನ ಪ್ರಕಟಣೆಗಳು ಆಮೇಲೆ. ಪ್ರಕಟಣೆ ಮುಖ್ಯ ಅಂದುಕೊಂಡವರು ಕೊನೆವರೆಗೂ ಕೂರುತ್ತಾರೆ, ಅತಿಥಿ ಬೇಕಿದ್ದರೆ ಎದ್ದು ಹೋಗಬಹುದು. ನಿಮ್ಮ ಕ್ಲಬ್ ಇದಕ್ಕೆ ಒಪ್ಪದಿದ್ದರೆ ಕಡೇಪಕ್ಷ ಗಡಿಯಾರದ ಒಂದು ಗೆರೆ ಹಾಕಿಕೊಳ್ಳಿ. ಸಭೆ ಶುರುವಾಗಿ ಇಪ್ಪತ್ತೈದು ನಿಮಿಷಕ್ಕೆ ಏನೇ ಬಾಕಿ ಇರಲಿ, ಮೈಕ್ ಅತಿಥಿಯ ಕೈಗೆ. ಅತಿಥಿ ಮಾತಾಡುವಾಗ ಊಟ ಬಡಿಸುವುದೂ ಬೇಡ. ತಟ್ಟೆ ಚಮಚದ ಸದ್ದಿನಲ್ಲಿ ಎಂಥ ಮಾತೂ ಮುಳುಗಿಹೋಗುತ್ತದೆ. ಇನ್ನು ಸಮಯ ಮೀರುವವರ ವಿಷಯ. ಮೊದಲ ಸಾಲಿನಲ್ಲಿ ಒಬ್ಬರು ಕೂತು 'ಐದು ನಿಮಿಷ' ಅಂತ ಬರೆದ ಹಾಳೆ ತೋರಿಸಲಿ. ಹೀಗೆ ತೋರಿಸುತ್ತೇವೆ ಅಂತ ಮುಂಚೆಯೇ ಅತಿಥಿಗೆ ಹೇಳಿರಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಪರಿಚಯ ಭಾಷಣ ಇನ್ನೊಂದು ಕಂಟಕ. ಬಯೋಡೇಟಾ ತರಿಸಿಕೊಂಡು, ಓದಿದ ಶಾಲೆಯಿಂದ ಹಿಡಿದು ಪಡೆದ ಪ್ರಶಸ್ತಿಗಳವರೆಗೆ ಓದಿದರೆ ಸಭೆ ಅಲ್ಲೇ ಜೋಲುತ್ತದೆ. ಒಂದು ನಿಮಿಷ ಸಾಕು. ಈ ವಿಷಯ ನಮಗೆ ಈಗ ಯಾಕೆ ಬೇಕು, ಇದನ್ನು ಹೇಳಲು ಇವರೇ ಯಾಕೆ, ಅಷ್ಟು ಹೇಳಿ ಹೆಸರು ಹೇಳಿ ಕೂತುಬಿಡಿ. ಹೆಸರನ್ನು ಹೇಗೆ ಉಚ್ಚರಿಸಬೇಕು ಅಂತ ಅವರನ್ನೇ ಕೇಳಿಕೊಳ್ಳಿ. ಪರಿಚಯ ಮಾಡುವವರು ಅತಿಥಿ ಹೇಳಬೇಕಾದ್ದನ್ನೆಲ್ಲ ತಾವೇ ಹೇಳಿ ಮುಗಿಸುವುದನ್ನೂ ನೋಡಿದ್ದೇನೆ. ಅದು ಅತಿಥಿಯ ಕಾಲ ಕೆಳಗಿನ ಚಾಪೆ ಎಳೆದ ಹಾಗೆ.

ಕೆಲವು ಸಲ ಏನು ಮಾಡಿದರೂ ಒಂಬತ್ತೇ ಜನ ಬರುತ್ತಾರೆ. ಆಗ ವೇದಿಕೆ, ಮೈಕ್ ಎಲ್ಲ ಬಿಟ್ಟುಬಿಡಿ. ಕುರ್ಚಿಗಳನ್ನು ದುಂಡಗೆ ಹಾಕಿ, ಅತಿಥಿಯನ್ನು ನಡುವೆ ಕೂರಿಸಿಕೊಂಡು ಮಾತಾಡಿಸಿ. ನಾನು ಕೇಳಿದ ಒಳ್ಳೆಯ ಮಾತುಗಳಲ್ಲಿ ಕೆಲವು ಇಂಥ ಸಂಜೆಗಳಲ್ಲೇ ಬಂದವು.

ಪ್ರಶ್ನೆ ಕೇಳುವ ಹೊತ್ತಿಗೆ ಮೊದಲ ಅರ್ಧ ನಿಮಿಷ ಎಲ್ಲರೂ ಸುಮ್ಮನಿರುತ್ತಾರೆ. ವಿಷಯದಲ್ಲಿ ನಿಜವಾದ ಕುತೂಹಲ ಇರುವ ಇಬ್ಬರಿಗೆ ಮುಂಚೆಯೇ ಹೇಳಿಟ್ಟಿರಿ, ದಾರಿ ತೆರೆಯುತ್ತದೆ. ಪ್ರಶ್ನೆ ಅಂತ ಎದ್ದು ಭಾಷಣ ಮಾಡುವವರು ಪ್ರತಿ ಕ್ಲಬ್ಬಿನಲ್ಲೂ ಒಬ್ಬರಿರುತ್ತಾರೆ. ಅವರನ್ನು ತಡೆಯುವುದು ಅಧ್ಯಕ್ಷರ ಕೆಲಸ, ಅತಿಥಿಯ ಕೆಲಸ ಅಲ್ಲ.

ಮಾರಾಟಕ್ಕೆ ಬರುವವರ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಆಹ್ವಾನದ ಪತ್ರದಲ್ಲೇ ಬರೆಯಿರಿ: ಯಾವುದೇ ವಸ್ತು, ಪಾಲಿಸಿ, ಹೂಡಿಕೆ, ಚಿಕಿತ್ಸೆಯ ಪ್ರಚಾರ ಇಲ್ಲ, ಫಾರಂ, ಕಾರ್ಡ್ ಹಂಚುವಂತಿಲ್ಲ, ಸದಸ್ಯರ ಫೋನ್ ನಂಬರ್ ಕೊಡುವುದಿಲ್ಲ. ಕ್ಲಬ್ಬಿನ ವೇದಿಕೆ ಏರಿದವರಿಗೆ ಕ್ಲಬ್ಬಿನ ನಂಬಿಕೆಯೂ ಅಂಟಿಕೊಳ್ಳುತ್ತದೆ. ಅಧ್ಯಕ್ಷರೇ ಪರಿಚಯ ಮಾಡಿಸಿದ್ದಾರೆ, ಸರಿಯಾದವರೇ ಇರಬೇಕು ಅಂತ ವಯಸ್ಸಾದ ಸದಸ್ಯರು ಉಳಿತಾಯದ ದುಡ್ಡು ಕೊಟ್ಟುಬಿಡುತ್ತಾರೆ. ಆಮೇಲೆ ಹೆಚ್ಚು ಕಮ್ಮಿ ಆದರೆ ಯಾರು ಉತ್ತರ ಹೇಳುವುದು? ಹಣದ ವಿಷಯ ಬೇಕು ಅನ್ನಿಸಿದರೆ ಏನನ್ನೂ ಮಾರದವರನ್ನು ಕರೆಯಿರಿ. ಮೋಸದ ಯೋಜನೆಯನ್ನು ಗುರುತಿಸುವುದು ಹೇಗೆ ಅಂತ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಹೇಳಿದರೆ ಎಲ್ಲರಿಗೂ ಪ್ರಯೋಜನ. ವೇದಿಕೆಯ ಮೇಲೆ ಯಾರಾದರೂ ಮಾರಾಟ ಶುರು ಮಾಡಿದರೆ, 'ಕ್ಷಮಿಸಿ, ಈ ಭಾಗ ನಮ್ಮ ನಿಯಮದ ಹೊರಗಿದೆ, ಪ್ರಶ್ನೆಗಳಿಗೆ ಹೋಗೋಣ' ಅಂತ ಅಧ್ಯಕ್ಷರು ಎದ್ದು ಹೇಳಬೇಕು. ಮುಜುಗರ ಒಂದು ನಿಮಿಷದ್ದು, ನಷ್ಟ ದೊಡ್ಡದು.

ರಾಜಕೀಯದ ಬಗ್ಗೆ ನೀವು ಕೇಳಿಲ್ಲ, ಆದರೆ ಬಂದೇ ಬರುತ್ತದೆ. ರೋಟರಿ ಕ್ಲಬ್ಬುಗಳು ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವಂತಿಲ್ಲ. ನಿಮ್ಮದು ಯಾವ ಸಂಸ್ಥೆಯಾದರೂ ಇದೇ ದಾರಿ ಒಳ್ಳೆಯದು. ಚುನಾವಣೆ ಹತ್ತಿರ ಇದ್ದರೆ ಎಲ್ಲ ಅಭ್ಯರ್ಥಿಗಳನ್ನೂ ಸಮಾನ ಸಮಯ ಕೊಟ್ಟು ಕರೆಯಿರಿ, ಇಲ್ಲವಾದರೆ ಯಾರನ್ನೂ ಕರೆಯಬೇಡಿ.

ಅತಿಥಿ ಹೋದ ಮೇಲೆ ಮುಂದೇನು? ಮರುದಿನ ಒಂದು ಧನ್ಯವಾದದ ಪತ್ರ, ಅದರಲ್ಲಿ ಅವರ ಮಾತಿನ ಯಾವುದಾದರೂ ಒಂದು ವಿವರದ ಬಗ್ಗೆ ಎರಡು ಸಾಲು. ಮುಂದಿನ ಸಭೆಯಲ್ಲಿ ಐದು ನಿಮಿಷ ಇಟ್ಟು, ಅವರು ಕೇಳಿದ್ದಕ್ಕೆ ನಾವು ಏನು ಮಾಡುತ್ತೇವೆ ಅಂತ ತೀರ್ಮಾನ ಮಾಡಿ. ಆಗುವುದಿಲ್ಲ ಅಂದರೆ ಅದನ್ನೂ ಬರೆದು ತಿಳಿಸಿ. ಫಲ ತಡವಾಗಿ ಬಂದರೆ ಬೇಸರ ಬೇಡ. 1917ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ನಡೆದ ರೋಟರಿ ಸಮ್ಮೇಳನದಲ್ಲಿ ಆಗಿನ ರೋಟರಿ ಅಧ್ಯಕ್ಷ ಆರ್ಚ್ ಕ್ಲಂಫ್ ಅವರು, ಲೋಕಕ್ಕೆ ಒಳಿತು ಮಾಡಲು ಒಂದು ನಿಧಿ ಕಟ್ಟೋಣ ಅಂತ ಮಾತಾಡಿದರು. ಅದಕ್ಕೆ ಬಂದ ಮೊದಲ ದೇಣಿಗೆ ಕ್ಯಾನ್ಸಸ್ ಸಿಟಿ ಕ್ಲಬ್ಬಿನ 26.50 ಡಾಲರ್. ಆ ನಿಧಿಗೆ ರೋಟರಿ ಫೌಂಡೇಶನ್ ಅನ್ನುವ ಹೆಸರು ಬರಲು 1928ರವರೆಗೆ ಕಾಯಬೇಕಾಯಿತು.

ಆ ನರ್ಸ್ ಅವರನ್ನು ಮರು ವರ್ಷ ನಾನು ಮತ್ತೆ ಕರೆದೆ. ಹಿಂದಿನ ಸಲದ್ದಕ್ಕೆ ಮೊದಲು ಕ್ಷಮೆ ಕೇಳಿದೆ. ಬಂದರು, ಪೂರ್ತಿ ಇಪ್ಪತ್ತು ನಿಮಿಷ ಮಾತಾಡಿದರು. ಕೊನೆಗೆ ಅವರು ದುಡ್ಡು ಕೇಳಲಿಲ್ಲ. ರೋಗಿಯ ಪಕ್ಕ ವಾರಕ್ಕೆ ಎರಡು ಗಂಟೆ ಕೂರುವವರು ಬೇಕು, ಮನೆಯವರು ಅಷ್ಟು ಹೊತ್ತು ಹೊರಗೆ ಹೋಗಿ ಬರಲಿ ಅಂದರು. ನಾಲ್ಕು ಜನ ಹೆಸರು ಕೊಟ್ಟರು. ಮೂರು ತಿಂಗಳಾದ ಮೇಲೆ ಅವರಿಗೆ ಒಂದು ಪತ್ರ ಬರೆದೆ: ಯಾರು ಹೋಗುತ್ತಿದ್ದಾರೆ, ಏನು ಕಲಿತರು ಅಂತ.

ಅದೇ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದೆ, ಈಗ ಎಲ್ಲ ಅತಿಥಿಗಳಿಗೂ ಸೇರಿಸುತ್ತೇನೆ: 'ನಮ್ಮ ಕ್ಲಬ್ ಇನ್ನು ಯಾರ ಮಾತು ಕೇಳಬೇಕು ಅನ್ನಿಸುತ್ತದೆ?' ಅವರು ಹೇಳುವ ಹೆಸರು ನಿಮ್ಮ ಯಾವ ಸದಸ್ಯರಿಗೂ ಗೊತ್ತಿರುವುದಿಲ್ಲ. ಅದನ್ನು ಬರೆದಿಟ್ಟುಕೊಂಡು ಮುಂದಿನ ಫೋನ್ ಅಲ್ಲಿಗೇ ಮಾಡಿ.